ಜನವರಿಯಲ್ಲಿ ಲೀಗ್‌ಗೇ ಲಾಸ್ಟ್ ಇದ್ದ ಸೇಂಟ್ ಲೂಯಿಸ್ ಬ್ಲೂಸ್ ಜೂನ್‌ನಲ್ಲಿ ಕಪ್ ಹೆಂಗೆ ಗೆಲ್ತು?

ಐಸ್ ಹಾಕಿ ನೋಡೋಕೆ ಶುರು ಮಾಡಿದವ್ರು ಒಂದಲ್ಲ ಒಂದಿನ ಕೇಳೇ ಕೇಳೋ ಪ್ರಶ್ನೆ ಇದು. 2019ರ ಜನವರಿ 3ರ ಬೆಳಗ್ಗೆ ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಪಾಯಿಂಟ್ಸ್ ಟೇಬಲ್ ತೆಗೆದು ನೋಡಿದ್ರೆ 31 ಟೀಮ್‌ಗಳಲ್ಲಿ 31ನೇದು ಸೇಂಟ್ ಲೂಯಿಸ್ ಬ್ಲೂಸ್. ಅದೇ ಟೀಮ್ ಜೂನ್ 12ಕ್ಕೆ ಬಾಸ್ಟನ್‌ಗೆ ಹೋಗಿ, ಅವ್ರ ಮನೇಲೇ ಫೈನಲ್‌ನ ಏಳನೇ ಮ್ಯಾಚ್ ಗೆದ್ದು, ಲೀಗ್ ಚಾಂಪಿಯನ್‌ಗೆ ಕೊಡೋ ಸ್ಟ್ಯಾನ್ಲಿ ಕಪ್ ಎತ್ತಿಕೊಂಡು ಬಂತು. 1967ರಿಂದ ಇರೋ ಟೀಮು, ಅಲ್ಲಿವರೆಗೂ ಒಂದು ಕಪ್ ಇಲ್ಲ. ಪವಾಡ ಅಂತ ಎಲ್ಲಾರೂ ಬರೆದ್ರು. ನನ್ನ ಕೇಳಿದ್ರೆ ಪವಾಡ ಗಿವಾಡ ಏನಿಲ್ಲ. ಟೀಮ್ ಚೆನ್ನಾಗೇ ಇತ್ತು, ಗೋಲ್ ಹತ್ರ ಒಂದು ತೂತಿತ್ತು, ಅದನ್ನ ಮುಚ್ಚೋ ಹೊತ್ತಿಗೂ 40ಕ್ಕಿಂತ ಜಾಸ್ತಿ ಮ್ಯಾಚ್ ಬಾಕಿ ಇದ್ವು. ಉತ್ತರ ಇಷ್ಟೇ, ಆದ್ರೆ ಹಿಂಗೆ ಹೇಳಿದ್ರೆ ಯಾರೂ ನಂಬಲ್ಲ, ಅದಕ್ಕೆ ಬಿಡಿಸಿ ಹೇಳ್ತೀನಿ.

ಮೊದಲು ಪಾಯಿಂಟ್ಸ್ ಲೆಕ್ಕ ಅರ್ಥ ಆಗ್ಬೇಕು, ಇಲ್ಲಾಂದ್ರೆ ಮುಂದಿನದು ತಲೆಗೆ ಹೋಗಲ್ಲ. ಆಗ ಸೀಸನ್‌ಗೆ ಒಂದು ಟೀಮ್ 82 ಮ್ಯಾಚ್ ಆಡ್ತಿತ್ತು, 41 ಮನೇಲಿ 41 ಹೊರಗೆ, ಅಕ್ಟೋಬರ್‌ನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ. ಗೆದ್ರೆ 2 ಪಾಯಿಂಟ್, 60 ನಿಮಿಷದೊಳಗೆ ಸೋತ್ರೆ ಸೊನ್ನೆ, ಆದ್ರೆ ಟೈ ಆಗಿ ಓವರ್‌ಟೈಮ್ ಅಥವಾ ಶೂಟೌಟ್‌ನಲ್ಲಿ ಸೋತ್ರೆ 1 ಪಾಯಿಂಟ್ ಸಿಗತ್ತೆ. ಅಂದ್ರೆ ಕೆಲವು ಮ್ಯಾಚ್‌ನಲ್ಲಿ ಒಟ್ಟು 2 ಪಾಯಿಂಟ್ ಹಂಚ್ತಾರೆ, ಕೆಲವದ್ರಲ್ಲಿ 3. ಸೋತವನಿಗೂ ಕೈಗೆ ಏನೋ ಒಂದು ಕೊಟ್ಟು ಕಳಿಸೋ ಈ ಪದ್ಧತಿಯಿಂದ ಟೇಬಲ್ ಮಧ್ಯದಲ್ಲಿ ಎಲ್ಲಾರೂ ಮೆಜೆಸ್ಟಿಕ್ ಬಸ್ಸಲ್ಲಿ ನಿಂತಂಗೆ ಒತ್ತಿಕೊಂಡು ಇರ್ತಾರೆ, ನಾಲ್ಕು ಮ್ಯಾಚ್ ಗೆದ್ರೆ ಏಳೆಂಟು ಸ್ಥಾನ ಮೇಲೆ, ನಾಲ್ಕು ಸೋತ್ರೆ ಪಾತಾಳ.

ಆವತ್ತು ಬ್ಲೂಸ್ ಹತ್ರ ಇದ್ದಿದ್ದು 37 ಮ್ಯಾಚ್‌ನಲ್ಲಿ 15 ಗೆಲುವು, 18 ಸೋಲು, 4 ಓವರ್‌ಟೈಮ್ ಸೋಲು, ಒಟ್ಟು 34 ಪಾಯಿಂಟ್. ಎಲ್ಲಾರೂ ಮರೆಯೋ ವಿಷಯ ಏನಂದ್ರೆ, ಸುತ್ತಮುತ್ತ ಇದ್ದ ಟೀಮ್‌ಗಳು ಆಗ್ಲೇ ಇನ್ನೂ ಎರಡು ಮೂರು ಮ್ಯಾಚ್ ಜಾಸ್ತಿ ಆಡಿ ಮುಗಿಸಿದ್ವು. ಅಂದ್ರೆ ಲಾಸ್ಟ್ ಅನ್ನೋದು ಅರ್ಧ ನಿಜ. ಕಡಿಮೆ ಆಡಿದ್ದಕ್ಕೆ ಕಡಿಮೆ ಪಾಯಿಂಟ್. ಚೆನ್ನಾಗಿ ಆಡ್ತಿದ್ರು ಅಂತ ಹೇಳ್ತಿಲ್ಲ, ನೋಡೋಕೆ ಬೇಜಾರಾಗೋ ಹಂಗೆ ಆಡ್ತಿದ್ರು, ಆದ್ರೆ "ಲೀಗ್‌ನ ಅತಿ ಕೆಟ್ಟ ಟೀಮ್" ಅನ್ನೋದು ಮಾತ್ರ ಅಲ್ಲ.

ಅದಕ್ಕೆ ಸಾಕ್ಷಿ ಬೇಕಂದ್ರೆ ಅದರ ಹಿಂದಿನ ಬೇಸಿಗೆಗೆ ಹೋಗ್ಬೇಕು. 2017-18ರಲ್ಲಿ ಬ್ಲೂಸ್ 94 ಪಾಯಿಂಟ್ ಮಾಡಿ, ಕೊನೇ ಮ್ಯಾಚಲ್ಲಿ ಕೊಲರಾಡೋ ಎದುರು ಸೋತು, ಬರೀ ಒಂದೇ ಒಂದು ಪಾಯಿಂಟ್‌ನಿಂದ ಪ್ಲೇಆಫ್ ಕಳ್ಕೊಂಡಿತ್ತು. ಅದಾದ್ಮೇಲೆ ಮ್ಯಾನೇಜರ್ ಡಗ್ ಆರ್ಮ್‌ಸ್ಟ್ರಾಂಗ್ ಕೈ ಕಟ್ಕೊಂಡು ಕೂರಲಿಲ್ಲ. ಆ ವರ್ಷ ಇಡೀ ಲೀಗ್‌ನಲ್ಲಿ ಕೊನೇ ಬಂದಿದ್ದ ಬಫಲೋದಿಂದ ರಯಾನ್ ಓ'ರೈಲಿ ಅನ್ನೋ ಸೆಂಟರ್ ಪ್ಲೇಯರ್‌ನ ಟ್ರೇಡ್ ಮಾಡಿ ತಂದ್ರು, ಡೇವಿಡ್ ಪೆರಾನ್, ಟೈಲರ್ ಬೋಜಾಕ್, ಸೇಂಟ್ ಲೂಯಿಸ್‌ನಲ್ಲೇ ಹುಟ್ಟಿದ ಪ್ಯಾಟ್ ಮರೂನ್ ಬಂದ್ರು. ವ್ಲಾದಿಮಿರ್ ತರಸೆಂಕೊ, ಕ್ಯಾಪ್ಟನ್ ಅಲೆಕ್ಸ್ ಪಿಯೆಟ್ರಾಂಜೆಲೊ ಮೊದಲೇ ಇದ್ರು. ಕಾಗದದ ಮೇಲೆ ಭರ್ಜರಿ. ನಮ್ಮಲ್ಲಿ ಪ್ರತಿ ಮಾರ್ಚ್‌ನಲ್ಲಿ ಆರ್‌ಸಿಬಿ ಬಗ್ಗೆ ಏನು ಹೇಳ್ತಿದ್ವೋ ಅದನ್ನೇ ಅವ್ರೂ ಹೇಳ್ತಿದ್ರು.

ಸೀಸನ್ ಶುರುವಾದ್ಮೇಲೆ ಅದೇ ಕಥೆ. 7 ಗೆಲುವು, 9 ಸೋಲು, 3 ಓವರ್‌ಟೈಮ್ ಸೋಲು ಆಗೋ ಹೊತ್ತಿಗೆ, ನವೆಂಬರ್ 19ಕ್ಕೆ, ಕೋಚ್ ಮೈಕ್ ಯೋ ಅವ್ರನ್ನ ತೆಗೆದು ಕ್ರೇಗ್ ಬೆರೂಬೆಗೆ ಹಂಗಾಮಿ ಪಟ್ಟ ಕಟ್ಟಿದ್ರು. ಬೆರೂಬೆ ಆಡೋ ಕಾಲದಲ್ಲಿ ಕೈಗವಸು ಬಿಚ್ಚಿ ಜಗಳಕ್ಕೆ ಇಳೀತಿದ್ದ ಮನುಷ್ಯ. ಕೋಚ್ ಬದಲಾದ ತಕ್ಷಣ ಏನೂ ಮ್ಯಾಜಿಕ್ ಆಗಲಿಲ್ಲ, ಇನ್ನೂ ಆರು ವಾರ ಟೀಮ್ ಕೆಳಗೇ ಬಿದ್ದಿತ್ತು. ಡಿಸೆಂಬರ್‌ನಲ್ಲಿ ಪ್ರಾಕ್ಟೀಸ್ ಮಾಡ್ವಾಗ ರಾಬರ್ಟ್ ಬೋರ್ಟುಜೋ ಮತ್ತೆ ಜಾಕ್ ಸ್ಯಾನ್‌ಫರ್ಡ್ ಅನ್ನೋ ಒಂದೇ ಟೀಮಿನ ಇಬ್ರು ಕ್ಯಾಮೆರಾ ಮುಂದೇನೇ ಗುದ್ದಾಡ್ಕೊಂಡ್ರು. ಸ್ಯಾನ್‌ಫರ್ಡ್ ಹೆಸರು ಸ್ವಲ್ಪ ನೆನಪಿಟ್ಕೊಳಿ.

ಈಗ ತೂತಿನ ವಿಷಯ. ಅಲ್ಲಿ ಗೋಲ್‌ಕೀಪರ್‌ಗೆ ಪ್ರೀತಿಯಿಂದ "ಗೋಲಿ" ಅಂತಾರೆ, ನಮಗೆ ಗೋಲಿ ಅಂದ್ರೆ ಬೀದಿಲಿ ಆಡೋ ಗೋಲಿ ನೆನಪಾಗತ್ತೆ, ಅದಕ್ಕೆ ನಾನು ಕೀಪರ್ ಅಂತಾನೇ ಬರೀತೀನಿ. ಹಾಕಿಲಿ ಒಂದು ಮ್ಯಾಚ್‌ಗೆ ಒಬ್ಬ ಕೀಪರ್ ಮೇಲೆ ಸುಮಾರು 30 ಶಾಟ್ ಬರತ್ತೆ ಅಂತ ಇಟ್ಕೊಳಿ. ನೂರಕ್ಕೆ 89 ತಡೆಯೋನು ಇದ್ರೆ ಮ್ಯಾಚ್‌ಗೆ ಮೂರಕ್ಕಿಂತ ಜಾಸ್ತಿ ಗೋಲ್ ಬಿಟ್ಟುಕೊಡ್ತಾನೆ. ನೂರಕ್ಕೆ 93ರ ಹತ್ರ ತಡೆಯೋನು ಇದ್ರೆ ಎರಡು ಚಿಲ್ಲರೆ. ಅಂದ್ರೆ ಕೇಳೋಕೆ ಮೂರ್ನಾಲ್ಕು ಪರ್ಸೆಂಟ್ ವ್ಯತ್ಯಾಸ, ಆದ್ರೆ ಅದು ಮ್ಯಾಚ್‌ಗೆ ಒಂದು ಗೋಲ್, ಹಾಕಿಲಿ ಎಷ್ಟೋ ಮ್ಯಾಚ್ ಮುಗಿಯೋದೇ ಒಂದು ಗೋಲಲ್ಲಿ. ಉಳಿದ 18 ಜನ ಬದಲಾಗ್ದೆ, ಒಬ್ಬನೇ ಬದಲಾದ್ರೂ ಟೀಮ್ ಹಣೆಬರಹ ಬದಲಾಗೋ ಆಟ ಇದು. ಕ್ರಿಕೆಟ್‌ನಲ್ಲಿ ಇದಕ್ಕೆ ಸರಿಸಾಟಿ ಪೊಸಿಷನ್ ಇಲ್ಲ, ಬುಮ್ರಾನೂ 24 ಬಾಲ್ ಹಾಕಿದ್ಮೇಲೆ ಹೋಗಿ ಬೌಂಡರಿ ಹತ್ರ ನಿಲ್ಲಲೇಬೇಕು, ಕೀಪರ್ ಪೂರ್ತಿ 60 ನಿಮಿಷ ಅಲ್ಲೇ.

ಬ್ಲೂಸ್‌ನ ಮುಖ್ಯ ಕೀಪರ್ ಜೇಕ್ ಆಲನ್‌ಗೆ ಆ ಸೀಸನ್ ಶುರುನಲ್ಲಿ ಏನೂ ಕೈಗೆ ಹತ್ತಲಿಲ್ಲ, ಬ್ಯಾಕಪ್ ಚಾಡ್ ಜಾನ್ಸನ್‌ನ ಡಿಸೆಂಬರ್‌ನಲ್ಲಿ ಬಿಟ್ಟೇಬಿಟ್ರು. ಹಂಗಾಗಿ ಕೆಳಗಿನ ಲೀಗ್‌ನಿಂದ ಜೋರ್ಡನ್ ಬಿನ್ನಿಂಗ್ಟನ್ ಅನ್ನೋ 25 ವರ್ಷದ ಹುಡುಗನ್ನ ಕರೆಸಿದ್ರು. ಇವನನ್ನ 2011ರ ಡ್ರಾಫ್ಟ್‌ನಲ್ಲಿ (ಟೀಮ್‌ಗಳು ಸರದಿ ಪ್ರಕಾರ ಹೊಸ ಹುಡುಗ್ರನ್ನ ಆರಿಸೋದು) 88ನೇ ನಂಬರ್‌ಗೆ ತಗೊಂಡಿದ್ದು, ಏಳು ವರ್ಷ ಆದ್ರೂ ಎನ್‌ಎಚ್‌ಎಲ್‌ನಲ್ಲಿ ಒಂದೇ ಒಂದು ಮ್ಯಾಚ್‌ನೂ ಶುರುವಿಂದ ಆಡಿರಲಿಲ್ಲ. ಹಿಂದಿನ ವರ್ಷ ಅಂತೂ ಇವನಿಗೆ ಜಾಗ ಇಲ್ಲ ಅಂತ ಬಾಸ್ಟನ್‌ನವರ ಕೈಕೆಳಗಿನ ಪ್ರಾವಿಡೆನ್ಸ್ ಟೀಮ್‌ಗೆ ಸಾಲ ಕೊಟ್ಟಿದ್ರು. ಹೌದು, ಅದೇ ಬಾಸ್ಟನ್.

ಜನವರಿ 7, ಫಿಲಡೆಲ್ಫಿಯಾ. ಮೊದಲ ಸಲ ಶುರುವಿಂದ ಆಡಿದ, ಒಂದೂ ಗೋಲ್ ಬಿಡಲಿಲ್ಲ, 3-0. ಹಿಂದಿನ ರಾತ್ರಿ ಕೆಲವು ಪ್ಲೇಯರ್ಸ್ ಅದೇ ಊರಿನ ಒಂದು ಬಾರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡ್ತಾ ಕೂತಿದ್ದಾಗ 80ರ ದಶಕದ ಹಳೇ ಪಾಪ್ ಹಾಡು ಒಂದು ಬಂತಂತೆ, ಅಲ್ಲಿದ್ದವರೆಲ್ಲ ಕುಣಿದ್ರಂತೆ, ಅವತ್ತಿಂದ ಗೆದ್ದಾಗೆಲ್ಲ ಅದೇ ಹಾಡು. ಪತ್ರಿಕೆಗಳಿಗೆ ಈ ಹಾಡಿನ ಕಥೆ ಸಿಕ್ಕಾಪಟ್ಟೆ ಇಷ್ಟ ಆಯ್ತು, ನನಗೂ ಇಷ್ಟಾನೇ, ಆದ್ರೆ ಶಾಟ್ ತಡೆದಿದ್ದು ಹಾಡಲ್ಲ. ಬಿನ್ನಿಂಗ್ಟನ್ ಆ ಸೀಸನ್‌ನಲ್ಲಿ 24 ಗೆದ್ದ, 5 ಸೋತ, ಒಂದು ಓವರ್‌ಟೈಮ್ ಸೋಲು, ನೂರಕ್ಕೆ 92.7 ತಡೆದ. ಜನವರಿ 23ರಿಂದ ಫೆಬ್ರವರಿ 19ರವರೆಗೆ ಟೀಮ್ ಸತತ 11 ಮ್ಯಾಚ್ ಗೆಲ್ತು, ಬ್ಲೂಸ್ ಚರಿತ್ರೆಲೇ ಅದು ದಾಖಲೆ. ಅವನೊಬ್ಬನೇ ಮಾಡಿದ್ದು ಅಂತಾನೂ ಅಲ್ಲ. ಬೆರೂಬೆ ಬಂದ್ಮೇಲೆ ಎದುರಾಳಿಗೆ ಶಾಟ್ ಹೊಡೆಯೋಕೇ ಬಿಡದ ಹಾಗೆ ಟೀಮ್ ನಿಧಾನಕ್ಕೆ ಕಟ್ಟುನಿಟ್ಟಾಗ್ತಾ ಬಂದಿತ್ತು, ಕೋಲ್ಟನ್ ಪರೇಕೊ, ಜೇ ಬೌಮೀಸ್ಟರ್ ಥರದ ಎತ್ತರದ ಡಿಫೆನ್ಸ್‌ನವರು ಮುಂದೆ ನಿಂತಿದ್ರು, ಹಿಂದೆ ನಂಬೋಹಂಥ ಕೀಪರ್ ಇದ್ದಾನೆ ಅಂದಾಗ ಆ ಕೆಲಸಕ್ಕೆಲ್ಲ ಫಲ ಕಾಣೋಕೆ ಶುರುವಾಯ್ತು.

ಲೆಕ್ಕ ಹಾಕಿ ನೋಡಿ. ಉಳಿದ 45 ಮ್ಯಾಚ್‌ನಲ್ಲಿ 30 ಗೆಲುವು, 10 ಸೋಲು, 5 ಓವರ್‌ಟೈಮ್ ಸೋಲು, ಅಂದ್ರೆ 65 ಪಾಯಿಂಟ್. 34ಕ್ಕೆ 65 ಸೇರಿಸಿದ್ರೆ 99, ಅವ್ರ ಗುಂಪಾದ ಸೆಂಟ್ರಲ್ ಡಿವಿಷನ್‌ನಲ್ಲಿ ಮೂರನೇ ಸ್ಥಾನ. ಆ ವರ್ಷ ಲೀಗ್‌ನ ಎರಡು ಭಾಗಗಳಲ್ಲಿ ಬ್ಲೂಸ್ ಇದ್ದ ಪಶ್ಚಿಮದಲ್ಲಿ ಕೊನೇದಾಗಿ ಪ್ಲೇಆಫ್‌ಗೆ ನುಗ್ಗಿದ ಟೀಮ್ 90 ಪಾಯಿಂಟ್‌ಗೇ ಒಳಗೆ ಬಂತು, ಪೂರ್ವದಲ್ಲಿ 96 ಮಾಡಿದ ಮಾಂಟ್ರಿಯಲ್ ಹೊರಗೆ. ಬ್ಲೂಸ್ ಪಶ್ಚಿಮದಲ್ಲಿ ಇದ್ದಿದ್ದು ಅವ್ರ ಪುಣ್ಯ ಅಂತ ಬೇಕಾದ್ರೆ ಹೇಳಿ, ಒಪ್ಕೋತೀನಿ. ಆದ್ರೂ ಅವ್ರಿಗೆ 56 ಸಾಕಿತ್ತು, 65 ತಂದ್ರು. ಆರ್‌ಸಿಬಿ 2024ರಲ್ಲಿ ಮೊದಲ 8ರಲ್ಲಿ ಒಂದೇ ಗೆದ್ದು, ಆಮೇಲೆ ಆರಕ್ಕೆ ಆರೂ ಗೆದ್ದು ಒಳಗೆ ಬಂತಲ್ಲ, ಅದು ಇದಕ್ಕಿಂತ ಕಷ್ಟ, 14 ಮ್ಯಾಚಿನ ಲೀಗಲ್ಲಿ ಉಸಿರಾಡೋಕೂ ಜಾಗ ಇರಲ್ಲ.

ಪ್ಲೇಆಫ್ ಬೇರೇನೇ ಲೋಕ. ನಾಲ್ಕು ರೌಂಡ್, ಪ್ರತಿ ರೌಂಡಲ್ಲಿ ಏಳರಲ್ಲಿ ನಾಲ್ಕು ಗೆಲ್ಬೇಕು, ಶೂಟೌಟ್ ಇಲ್ಲ, ಟೈ ಆದ್ರೆ ಗೋಲ್ ಬೀಳೋವರೆಗೂ 20 ನಿಮಿಷದ ಪೀರಿಯಡ್ ಆಡ್ತಾನೇ ಇರ್ಬೇಕು. ಬ್ಲೂಸ್ ವಿನ್ನಿಪೆಗ್‌ನ ಆರರಲ್ಲಿ ಮುಗಿಸ್ತು. ಡಲ್ಲಾಸ್ ಜೊತೆ ಏಳನೇ ಮ್ಯಾಚ್, ಎರಡನೇ ಓವರ್‌ಟೈಮ್, ಎದುರು ನಿಂತ ಕೀಪರ್ ಬೆನ್ ಬಿಷಪ್ ಸೇಂಟ್ ಲೂಯಿಸ್‌ನಲ್ಲೇ ಬೆಳೆದೋನು, 52 ಶಾಟ್ ತಡೆದಿದ್ದ, ಅವನಿಗೆ ಗೋಲ್ ಹೊಡೆದೋನು ಸೇಂಟ್ ಲೂಯಿಸ್‌ನಲ್ಲೇ ಹುಟ್ಟಿದ ಮರೂನ್. ಸ್ಯಾನ್ ಹೋಸೆ ಜೊತೆ ಮೂರನೇ ಮ್ಯಾಚಲ್ಲಿ ಎದುರಾಳಿ ಪ್ಲೇಯರ್ ಕೈಯಲ್ಲೇ ಪಕ್ (ಚೆಂಡಿನ ಬದಲು ಬಳಸೋ ರಬ್ಬರ್ ಬಿಲ್ಲೆ) ತಳ್ಳಿದ್ದು ಅಂಪೈರ್‌ಗಳಿಗೆ ಕಾಣಲಿಲ್ಲ, ಅದೇ ಪಕ್ ಗೋಲ್ ಆಗಿ ಓವರ್‌ಟೈಮ್‌ನಲ್ಲಿ ಸೋತ್ರು, ಆ ರೂಲ್ ಪ್ರಕಾರ ರೀಪ್ಲೇ ನೋಡಿ ಬದಲಾಯಿಸೋ ಹಾಗೂ ಇರ್ಲಿಲ್ಲ. ಬೇರೆ ಟೀಮ್ ಆಗಿದ್ರೆ ಅದನ್ನೇ ಹಾಡ್ಕೊಂಡು ಕೂರ್ತಿತ್ತು, ಇವ್ರು ಮುಂದಿನ ಮೂರೂ ಗೆದ್ರು.

ಫೈನಲ್‌ನಲ್ಲಿ ಬಾಸ್ಟನ್. ಮೂರನೇ ಮ್ಯಾಚ್ ಮನೇಲಿ 7-2 ಸೋಲು, ಬಿನ್ನಿಂಗ್ಟನ್‌ನ ಮ್ಯಾಚ್ ಮಧ್ಯದಲ್ಲೇ ಹೊರಗೆ ಕರೆದು ಕೂರಿಸಿದ್ರು. ಆರನೇ ಮ್ಯಾಚ್‌ಗೆ ಕಪ್‌ನ ಸ್ಟೇಡಿಯಂಗೇ ತಂದಿದ್ರು, ಊರೆಲ್ಲ ಕಾಯ್ತಿತ್ತು, 5-1 ಸೋಲು. ಏಳನೇದು ನಮ್ಮಲ್ಲಿ ಜೂನ್ 13ರ ಬೆಳಗ್ಗೆ ಐದೂವರೆ ಹೊತ್ತಿಗೆ ಶುರು, ಕಾಫಿ ಇಟ್ಕೊಂಡು ಕೂತೆ. ಮೊದಲ ಪೀರಿಯಡ್‌ನಲ್ಲಿ ಬಾಸ್ಟನ್ 12 ಶಾಟ್, ಬ್ಲೂಸ್ ಬರೀ 4, ಸ್ಕೋರ್ ಮಾತ್ರ ಬ್ಲೂಸ್ 2-0. ನೂರಕ್ಕೆ ಎಷ್ಟು ತಡೀತಾನೆ ಅಂತ ಆಗ್ಲೇ ಲೆಕ್ಕ ಹೇಳಿದ್ನಲ್ಲ, ಅದು ಕಣ್ಣೆದುರು ಕಾಣೋದು ಇಂಥ 20 ನಿಮಿಷದಲ್ಲಿ. ಕೊನೆಗೆ 4-1, ಬಿನ್ನಿಂಗ್ಟನ್ 32 ಶಾಟ್ ತಡೆದ, ಪ್ಲೇಆಫ್‌ನ ಬೆಸ್ಟ್ ಪ್ಲೇಯರ್ ಪ್ರಶಸ್ತಿ ಓ'ರೈಲಿಗೆ. ನಾಲ್ಕನೇ ಗೋಲ್ ಹೊಡೆದಿದ್ದು ಯಾರು ಅಂದ್ಕೊಂಡ್ರಿ, ಡಿಸೆಂಬರ್‌ನಲ್ಲಿ ಪ್ರಾಕ್ಟೀಸ್‌ನಲ್ಲಿ ಗುದ್ದಾಡಿದ ಸ್ಯಾನ್‌ಫರ್ಡ್.

ಇದರ ಜೊತೆ ಯಾವಾಗ್ಲೂ ಬರೋ ಮರಿಪ್ರಶ್ನೆ: ಹಂಗಾದ್ರೆ ಈ ವರ್ಷ ಲಾಸ್ಟ್ ಇರೋ ನಮ್ಮ ಟೀಮೂ ಗೆಲ್ಲತ್ತಾ? ಬಹುತೇಕ ಇಲ್ಲ. ಈಗ ಜನವರಿಯಲ್ಲಿ ತಳ ಹಿಡಿದ ಟೀಮಿನ ಫ್ಯಾನ್ಸ್ ಎಲ್ಲ ಬ್ಲೂಸ್ ಹೆಸರು ಹೇಳ್ತಾರೆ, ಆದ್ರೆ ಅವ್ರ ಟೀಮ್ ಎಷ್ಟು ಮ್ಯಾಚ್ ಕಡಿಮೆ ಆಡಿದೆ, ಶಾಟ್ ಜಾಸ್ತಿ ಹೊಡೀತಿದ್ದಾರಾ ತಿಂತಿದ್ದಾರಾ, ಕೀಪರ್ ನೂರಕ್ಕೆ ಎಷ್ಟು ತಡೀತಿದ್ದಾನೆ ಅಂತ ನೋಡೋದಿಲ್ಲ. ಶಾಟ್ ಲೆಕ್ಕ ಸಮಸಮ ಇದ್ದು ಕೀಪರ್ ಮಾತ್ರ ಕೈ ಕೊಡ್ತಿದ್ರೆ ಸ್ವಲ್ಪ ಆಸೆ ಇಟ್ಕೊಳಿ. ಎಲ್ಲಾ ಕಡೆನೂ ಸೋರ್ತಿದ್ರೆ ಮುಂದಿನ ಡ್ರಾಫ್ಟ್‌ನಲ್ಲಿ ಯಾರು ಸಿಗ್ತಾರೆ ಅಂತ ನೋಡ್ಕೊಳೋದು ವಾಸಿ.