ಸೋಲೇ ಕಾಣದ ಆರ್ಸೆನಲ್‌ಗೆ ಬರೀ 90 ಅಂಕ ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ಅಗ್ರ ಫುಟ್‌ಬಾಲ್ ಲೀಗ್ ಆದ ಪ್ರೀಮಿಯರ್ ಲೀಗ್‌ನ 2003–04ರ ಋತುವಿನಲ್ಲಿ ಆರ್ಸೆನಲ್ ಒಂದೂ ಪಂದ್ಯ ಸೋಲಲಿಲ್ಲ. ಆದರೂ ಅತಿ ಹೆಚ್ಚು ಅಂಕ ಗಳಿಸಿದ ದಾಖಲೆ ಅದರದ್ದಲ್ಲ. ಸೋಲು ಕಂಡ ತಂಡಗಳಿಗೆ ಸೋಲೇ ಕಾಣದ ತಂಡಕ್ಕಿಂತ ಜಾಸ್ತಿ ಅಂಕ ಬಂದದ್ದು ಹೇಗೆ?

ಡ್ರಾಗಳಿಂದ. ಒಂದೇ ಮಾತಿನಲ್ಲಿ ಮುಗಿಯುವ ಉತ್ತರ ಇದು. ಆದರೆ ಆ ಋತುವಿನ ಸ್ವಾರಸ್ಯವೆಲ್ಲ ಇರುವುದೇ ಆ ಡ್ರಾಗಳಲ್ಲಿ.

ಮೊದಲು ಲೆಕ್ಕ ನೋಡಿಬಿಡೋಣ. ಆರ್ಸೆನಲ್ ಆಡಿದ 38 ಪಂದ್ಯಗಳಲ್ಲಿ 26 ಗೆಲುವು, 12 ಡ್ರಾ. ಗೆಲುವಿಗೆ 3, ಡ್ರಾಗೆ 1 ಅಂಕದಂತೆ 78 ಮತ್ತು 12 ಸೇರಿ 90. ಮರುವರ್ಷ ಚೆಲ್ಸಿ ಒಂದು ಪಂದ್ಯ ಸೋತಿತು, ಆದರೆ 29 ಗೆದ್ದು 8 ಡ್ರಾ ಮಾಡಿಕೊಂಡು 95 ಅಂಕಕ್ಕೆ ಹೋಯಿತು. 2017–18ರ ಮ್ಯಾಂಚೆಸ್ಟರ್ ಸಿಟಿ ಎರಡು ಸೋತೂ 100 ಅಂಕ ಮುಟ್ಟಿತು. ಇನ್ನು 2018–19ರ ಲಿವರ್‌ಪೂಲ್‌ನದ್ದು ಹೊಟ್ಟೆ ಉರಿಯುವ ಕತೆ: ಇಡೀ ಋತುವಿನಲ್ಲಿ ಒಂದೇ ಸೋಲು, 97 ಅಂಕ, ಆದರೂ ಎರಡನೇ ಸ್ಥಾನ.

ಇದಕ್ಕೆಲ್ಲ ಮೂರು ಅಂಕದ ನಿಯಮವೇ ಕಾರಣ ಎಂದು ಕೆಲವರು ವಾದಿಸುತ್ತಾರೆ. 1981ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಗೆಲುವಿಗೆ 2 ಅಂಕ ಮಾತ್ರ ಇತ್ತು, ಡ್ರಾಗೆ ಬೆಲೆ ಹೆಚ್ಚಿತ್ತು, ನಿಜ. ಹಾಗಂತ ಹಳೇ ನಿಯಮ ಹಾಕಿ ನೋಡಿದರೂ ಆರ್ಸೆನಲ್‌ಗೆ ಸಿಗುವುದು 64, ಆ ಚೆಲ್ಸಿಗೆ 66, ಸಿಟಿಗೆ 68. ನಿಯಮ ಅಂತರವನ್ನು ದೊಡ್ಡದು ಮಾಡಿದೆ, ಹುಟ್ಟಿಸಿಲ್ಲ. ಗೆಲ್ಲುವ ವಿಷಯದಲ್ಲಿ ಆ ತಂಡಗಳು ನಿಜವಾಗಿಯೂ ಮುಂದಿದ್ದವು.

ಹಾಗಾದರೆ ಆ 12 ಡ್ರಾ ಯಾರ ಎದುರು? ಇಲ್ಲೊಂದು ತಮಾಷೆ ಇದೆ. ಎರಡನೇ ಸ್ಥಾನ ಪಡೆದ ಚೆಲ್ಸಿಯನ್ನು ಆರ್ಸೆನಲ್ ಎರಡೂ ಸಲ 2–1ರಿಂದ ಸೋಲಿಸಿತು. ಲಿವರ್‌ಪೂಲನ್ನೂ ಎರಡೂ ಸಲ ಸೋಲಿಸಿತು. ಆದರೆ ಆ ವರ್ಷವಷ್ಟೇ ಬಡ್ತಿ ಪಡೆದು ಮೇಲೆ ಬಂದಿದ್ದ ಪೋರ್ಟ್ಸ್‌ಮತ್ ಎದುರು ಎರಡೂ ಪಂದ್ಯ ಡ್ರಾ! ಅದರಲ್ಲೂ ಆರ್ಸೆನಲ್‌ನ ಆಗಿನ ತವರು ಮೈದಾನ ಹೈಬರಿಯಲ್ಲಿ ನಡೆದ ಮೊದಲ ಪಂದ್ಯದಲ್ಲಿ ಪೋರ್ಟ್ಸ್‌ಮತ್‌ನ ಟೆಡ್ಡಿ ಶೆರಿಂಗ್‌ಹ್ಯಾಮ್ ಮೊದಲು ಗೋಲು ಹೊಡೆದಿದ್ದರು. ರಾಬರ್ಟ್ ಪಿರೆಸ್ ಪೆನಾಲ್ಟಿ ಬಾಕ್ಸ್‌ನಲ್ಲಿ ಬಿದ್ದು ಗಿಟ್ಟಿಸಿದ ಪೆನಾಲ್ಟಿಯಿಂದ ಆರ್ಸೆನಲ್ ಬಚಾವಾಯಿತು. ಬೇಕೆಂದೇ ಬಿದ್ದರು ಎಂಬ ಆರೋಪ ಇವತ್ತಿಗೂ ಇದೆ. ಇಂದಿನಂತೆ ವಿಡಿಯೊ ರೆಫರಿ ಇದ್ದಿದ್ದರೆ ಸೆಪ್ಟೆಂಬರ್‌ನಲ್ಲೇ ಈ ಕತೆ ಮುಗಿದಿರುತ್ತಿತ್ತೋ ಏನೋ.

ಸೋಲಿಗೆ ಅದಕ್ಕಿಂತ ಹತ್ತಿರ ಹೋದದ್ದು ಎಂಟು ದಿನ ಬಿಟ್ಟು, 2003ರ ಸೆಪ್ಟೆಂಬರ್ 21ರಂದು, ಓಲ್ಡ್ ಟ್ರಾಫರ್ಡ್‌ನಲ್ಲಿ. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ಗೋಲಿಲ್ಲದೆ ಸಾಗುತ್ತಿದ್ದ ಪಂದ್ಯದಲ್ಲಿ ಎಂಬತ್ತನೇ ನಿಮಿಷದ ಹೊತ್ತಿಗೆ ಆರ್ಸೆನಲ್ ನಾಯಕ ಪ್ಯಾಟ್ರಿಕ್ ವಿಯೇರಾ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. ಹತ್ತೇ ಮಂದಿ ಉಳಿದರು. ಕೊನೆಯ ಗಳಿಗೆಯಲ್ಲಿ ಡಿಯೆಗೊ ಫೋರ್ಲಾನ್ ಮೇಲೆ ಮಾರ್ಟಿನ್ ಕೀಯೋನ್ ಫೌಲ್ ಮಾಡಿದ್ದಕ್ಕೆ ಯುನೈಟೆಡ್‌ಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವರು ರುಡ್ ವಾನ್ ನಿಸ್ಟೆಲ್‌ರೂಯ್. ಚೆಂಡು ಕ್ರಾಸ್‌ಬಾರ್‌ಗೆ ಬಡಿದು ಹಿಂದಕ್ಕೆ ಚಿಮ್ಮಿತು. ಪಂದ್ಯ ಮುಗಿದದ್ದೇ ತಡ, ಕೀಯೋನ್ ಎರಡೂ ಕೈ ಎತ್ತಿ ವಾನ್ ನಿಸ್ಟೆಲ್‌ರೂಯ್ ತಲೆಯ ಮೇಲೇ ಹಾರಿ, ಅವರ ಬೆನ್ನಿಗೆ ಬಡಿದರು. ಆ ಚಿತ್ರ ನೀವೂ ನೋಡಿರುತ್ತೀರಿ. ಆ ಗಲಾಟೆಗೆ ಆರ್ಸೆನಲ್ ತೆತ್ತದ್ದು 1,75,000 ಪೌಂಡ್ ದಂಡ, ಜೊತೆಗೆ ನಾಲ್ವರು ಆಟಗಾರರಿಗೆ ನಿಷೇಧ. ಆದರೆ ಡ್ರಾದಿಂದ ಬಂದ ಒಂದು ಅಂಕ ಉಳಿಯಿತು.

ಸೋಲದ ತಂಡ ಎಂದ ಕೂಡಲೇ ಎಲ್ಲರನ್ನೂ ಬಗ್ಗುಬಡಿದು ಹೋದವರು ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಈ ತಂಡ ಪಂದ್ಯ ಕೈತಪ್ಪುವಂತಿದ್ದಾಗಲೂ ಏನಾದರೊಂದು ಉಳಿಸಿಕೊಂಡು ಬರುತ್ತಿತ್ತು. ಇದರ ನಿಜವಾದ ಪರೀಕ್ಷೆ ನಡೆದದ್ದು 2004ರ ಏಪ್ರಿಲ್‌ನಲ್ಲಿ. 3ರಂದು ಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಯುನೈಟೆಡ್ ಎದುರು ಸೋಲು, 6ರಂದು ಚಾಂಪಿಯನ್ಸ್ ಲೀಗ್‌ನಿಂದ ಚೆಲ್ಸಿ ಕೈಯಲ್ಲಿ ಹೊರಕ್ಕೆ, 9ರಂದು ಹೈಬರಿಯಲ್ಲಿ ಲಿವರ್‌ಪೂಲ್ ಎದುರು ಅರ್ಧ ವೇಳೆಗೆ 1–2 ಹಿನ್ನಡೆ. ಒಂದೇ ವಾರದಲ್ಲಿ ಮೂರೂ ಹೋಗುವ ಲಕ್ಷಣ. ಮರು ಅವಧಿ ಶುರುವಾಗುತ್ತಿದ್ದಂತೆ ಪಿರೆಸ್ ಸಮ ಮಾಡಿದರು. ಮರುನಿಮಿಷವೇ ಥಿಯರಿ ಹೆನ್ರಿ ಮಧ್ಯ ಮೈದಾನದಿಂದ ಚೆಂಡು ಹಿಡಿದು ಹೊರಟು, ಅಡ್ಡ ಬಂದವರನ್ನು ದಾಟಿ ಗೋಲು ಹೊಡೆದರು. ಅವರ ತಿರುವಿಗೆ ತಬ್ಬಿಬ್ಬಾದ ಜೇಮಿ ಕ್ಯಾರಗರ್ ತಮ್ಮದೇ ತಂಡದವನಿಗೆ ಡಿಕ್ಕಿ ಹೊಡೆದದ್ದನ್ನು ಎಷ್ಟು ಸಲ ನೋಡಿದರೂ ಸಾಲದು. ಹೆನ್ರಿ ಹ್ಯಾಟ್ರಿಕ್ ಪೂರೈಸಿದರು, ಪಂದ್ಯ 4–2. ಆ ವರ್ಷ ಲೀಗ್‌ನಲ್ಲಿ ಅವರ ಗೋಲುಗಳು 30.

ಇಲ್ಲೇ ಇನ್ನೊಂದು ಮಾತು ಸ್ಪಷ್ಟ ಮಾಡಬೇಕು. ಸೋಲಿಲ್ಲದ್ದು ಲೀಗ್‌ನಲ್ಲಿ ಮಾತ್ರ. ಉಳಿದ ಟೂರ್ನಿಗಳಲ್ಲಿ ಇದೇ ತಂಡ ಸಾಕಷ್ಟು ಸೋತಿದೆ. ಹೈಬರಿಯಲ್ಲೇ ಇಂಟರ್ ಮಿಲಾನ್ 3–0 ಬಾರಿಸಿ ಹೋಗಿತ್ತು.

ಅಂಕ ಕಡಿಮೆಯಾಗಲು ಬಹುಮಟ್ಟಿಗೆ ಇನ್ನೊಂದು ಕಾರಣ, ಹೆಚ್ಚು ಬೇಕಾಗಿರಲಿಲ್ಲ. ಚೆಲ್ಸಿ ಮುಗಿಸಿದ್ದು 79 ಅಂಕಕ್ಕೆ. ಏಪ್ರಿಲ್ 25ರಂದು ಬದ್ಧ ವೈರಿ ಟಾಟನ್‌ಹ್ಯಾಮ್ ಅಂಗಳದಲ್ಲಿ 2–2 ಡ್ರಾ ಮಾಡಿಕೊಂಡಾಗಲೇ ಪ್ರಶಸ್ತಿ ಖಾತ್ರಿಯಾಗಿತ್ತು, ಇನ್ನೂ ನಾಲ್ಕು ಪಂದ್ಯ ಬಾಕಿ ಇದ್ದವು. ಆ ನಾಲ್ಕರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಪೋರ್ಟ್ಸ್‌ಮತ್ ಎದುರಿನವು ಡ್ರಾ. ಕೊನೆಯ ದಿನ, ಆಗಲೇ ಹಿಂಬಡ್ತಿ ಪಡೆದಿದ್ದ ಲೆಸ್ಟರ್ ಎದುರು, ಹಿಂದೆ ಆರ್ಸೆನಲ್‌ನಲ್ಲೇ ಆಡಿದ್ದ ಪಾಲ್ ಡಿಕಾಫ್ ಮೊದಲ ಗೋಲು ಹೊಡೆದು ಎಲ್ಲರ ಎದೆ ನಡುಗಿಸಿದರು. ಹೆನ್ರಿ, ವಿಯೇರಾ ಸೇರಿ ಅದನ್ನು 2–1 ಮಾಡಿದರು. ಅಂದ ಹಾಗೆ, ಪದಕ ಸಿಗಬೇಕೆಂದರೆ ಕನಿಷ್ಠ 10 ಪಂದ್ಯ ಆಡಿರಬೇಕಿತ್ತು. ಕೀಯೋನ್ ಹತ್ತನೆಯದಕ್ಕೆ ಕಣಕ್ಕಿಳಿದದ್ದು ಆ ದಿನದ ಕೊನೆಯ ನಿಮಿಷಗಳಲ್ಲಿ.

2017–18ರಿಂದೀಚೆಗೆ ಕೆಲವು ಋತುಗಳಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಎದುರಾಳಿ 97 ಅಂಕಕ್ಕೆ ಓಡುತ್ತಿದ್ದರೆ 1–1 ಆಗಿದ್ದಾಗ ಒಂದು ಅಂಕಕ್ಕೆ ತೃಪ್ತಿಪಡುವಂತಿಲ್ಲ. ಡಿಫೆಂಡರ್‌ಗಳನ್ನೂ ಮುಂದಕ್ಕೆ ನುಗ್ಗಿಸಬೇಕು, ಹಿಂದೆ ಜಾಗ ತೆರವಾಗುತ್ತದೆ, ಪ್ರತಿದಾಳಿಗೆ ಗೋಲು ಬೀಳುವ ಅಪಾಯ ಹೆಚ್ಚುತ್ತದೆ. ಹೆಚ್ಚು ಗೆಲುವಿನ ಹಟವೇ ಸೋಲಿನ ಬಾಗಿಲನ್ನೂ ತೆರೆದಿಡುತ್ತದೆ. ಆಟದ ದರ್ಜೆಯಲ್ಲಿ ನನ್ನ ಮತ 2017–18ರ ಸಿಟಿಗೆ. ಆದರೆ ಆ ಸಿಟಿಗೂ ಎರಡು ಸಲ ಕಾಲು ಜಾರಿತು.

ಇಷ್ಟಾಗಿಯೂ ಆರ್ಸೆನಲ್‌ನ ಇನ್ನೊಂದು ದಾಖಲೆ ಹಾಗೇ ನಿಂತಿದೆ. ಹಿಂದಿನ ಋತುವಿನ ಕೊನೆಯ 2, ಈ 38, ಮುಂದಿನ ಋತುವಿನ ಮೊದಲ 9, ಒಟ್ಟು ಸತತ 49 ಲೀಗ್ ಪಂದ್ಯಗಳಲ್ಲಿ ಸೋಲಿಲ್ಲ. ಅದಕ್ಕೆ ಮುಂಚೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ 42ಕ್ಕೆ ನಿಂತಿತ್ತು. ಲಿವರ್‌ಪೂಲ್ 44ರವರೆಗೆ ಬಂದು, 2020ರ ಫೆಬ್ರುವರಿ 29ರಂದು ವಾಟ್‌ಫರ್ಡ್ ಕೈಯಲ್ಲಿ 0–3ರಿಂದ ಪೆಟ್ಟು ತಿಂದಿತು. ಆ ಋತುವಿನಲ್ಲಿ ಅದು ಗಳಿಸಿದ್ದು 99 ಅಂಕ.

ಇಂಗ್ಲೆಂಡಿನ ಅಗ್ರ ದರ್ಜೆಯಲ್ಲಿ ಇಡೀ ಋತು ಸೋಲದ ಬೇರೆ ತಂಡವೇ ಇಲ್ಲವೇ ಎಂದರೆ, ಒಂದಿದೆ: 1888–89ರ ಪ್ರೆಸ್ಟನ್ ನಾರ್ತ್ ಎಂಡ್. ಅದು ಲೀಗ್‌ನ ಮೊಟ್ಟಮೊದಲ ವರ್ಷ, ಆಡಿದ್ದು 22 ಪಂದ್ಯ, ಡ್ರಾ ಆದದ್ದು ಬರೀ 4.