ಫ್ಲಡ್ ಅಟ್ಯಾಕ್: ಮುಳುಗಿದ್ದು ಯಾವುದು?

ಮಳೆ ಜೋರಾದರೆ ಶಿವಮೊಗ್ಗದವರು ಮೊದಲು ಕೇಳುವುದು, ತುಂಗೆಯಲ್ಲಿ ಕೋರ್ಪಲಯ್ಯನ ಮಂಟಪ ಮುಳುಗಿತಾ ಅಂತ. ಮುಳುಗಿದರೆ ಹೊಳೆ ತುಂಬಿತು ಅಂತ ಲೆಕ್ಕ. ನೆಟ್‌ವರ್ಕಿನ ನೆರೆಗೆ ಅಂಥ ಒಂದೇ ಗುರುತು ಇಲ್ಲ. ಬೇಕಂತಲೇ ರಾಶಿ ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಸುರಿದು ಒಂದು ಯಂತ್ರವನ್ನು ಮಲಗಿಸುವುದೇ ಫ್ಲಡ್ ಅಟ್ಯಾಕ್. ಆದರೆ ಮುಳುಗುವ ಜಾಗ ಪದರಕ್ಕೊಂದು.

ಒಎಸ್‌ಐ ಎಂಬ ಮಾದರಿಯ ಲೆಕ್ಕದಲ್ಲಿ ನೆಟ್‌ವರ್ಕಿಗೆ ಏಳು ಪದರ. ತೀರಾ ಕೆಳಗೆ ತಂತಿ, ತೀರಾ ಮೇಲೆ ನಾವು ಬಳಸುವ ವೆಬ್‌ಸೈಟು, ಆ್ಯಪ್ಪು. ಮೂರನೇ ಪದರದ ಪಿಂಗ್ ("ಇದ್ದೀಯಾ?" ಅಂತ ಕೇಳುವ ಪ್ಯಾಕೆಟ್) ಫ್ಲಡ್ ನಮ್ಮ ಹೊಳೆಯ ನೆರೆಯಂತೆಯೇ: ಲೈನ್ ಪೂರ್ತಿ ತುಂಬಿ, ಬೇರೆಯವರಿಗೆ ದಾರಿ ಇರುವುದಿಲ್ಲ. ಬರೀ ತೋಳ್ಬಲ.

ನಾಲ್ಕನೇ ಪದರದ ಸಿನ್ ಫ್ಲಡ್‌ನಲ್ಲಿ ತಲೆ ಓಡಿಸಿದ್ದಾರೆ. ಎರಡು ಯಂತ್ರ ಮಾತಾಡುವ ನಿಯಮವಾದ ಟಿಸಿಪಿಯಲ್ಲಿ ಮಾತು ಶುರುವಾಗಲು ಮೂರು ಹೆಜ್ಜೆ ಬೇಕು. ನಾವು ಸಿನ್ (ಮಾತಾಡೋಣವಾ?) ಕಳಿಸಬೇಕು, ಸರ್ವರ್ ಸಿನ್-ಆಕ್ (ಸರಿ, ಮಾತಾಡೋಣ) ಅನ್ನಬೇಕು, ನಾವು ತಿರುಗಿ ಆಕ್ (ಆಯ್ತು) ಅನ್ನಬೇಕು. ಆಗುಂಬೆ ಕಡೆಯ ಒಂದು ಹೋಮ್‌ಸ್ಟೇ ಅಂದುಕೊಳ್ಳಿ. "ರೂಮ್ ಇಟ್ಟಿರಿ, ಬರ್ತೀವಿ" ಅಂತ ಫೋನ್ ಬರುತ್ತದೆ. ಯಜಮಾನರು ಪುಸ್ತಕದಲ್ಲಿ ಬರೆದುಕೊಂಡು ವಾಪಸ್ ಫೋನ್ ಮಾಡಿದರೆ ನಂಬರೇ ಸುಳ್ಳು. ಇಂಥ ಹತ್ತು ಫೋನ್ ಸಾಕು. ರೂಮೆಲ್ಲ ಖಾಲಿ, ಪುಸ್ತಕ ಮಾತ್ರ ಫುಲ್. ನಿಜವಾಗಿ ಬಂದವರು ಅಂಗಳದಲ್ಲಿ ಕೊಡೆ ಹಿಡಿದು ನಿಂತಿರುತ್ತಾರೆ. ಲಿನಕ್ಸ್ ಸರ್ವರಂತೂ ಆಕ್ ಬಾರದಿದ್ದರೆ ಸಾಮಾನ್ಯವಾಗಿ ಸಿನ್-ಆಕ್ ಅನ್ನು ಮತ್ತೆ 5 ಸಲ ಕಳಿಸಿ, ಒಂದು ನಿಮಿಷದಷ್ಟು ಕಾದು, ಆಮೇಲೆ ಆ ಸಾಲು ಹೊಡೆದುಹಾಕುತ್ತದೆ. ಪಾಪ, ನಮ್ಮವರಿಗಿಂತ ತಾಳ್ಮೆ ಜಾಸ್ತಿ.

1996ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಕಂಪನಿ ಮಲಗಿದ್ದು ಇದರಿಂದಲೇ. ಅದೇ ತಿಂಗಳು ಗೂಢಲಿಪಿ ತಜ್ಞ ಡೇನಿಯಲ್ ಬರ್ನ್‌ಸ್ಟೈನ್ ಕೊಟ್ಟ ಉಪಾಯ ಸಿನ್ ಕುಕಿ. ಪುಸ್ತಕದಲ್ಲಿ ಬರೆಯುವುದೇ ಬೇಡ. ಕೇಳಿದವರಿಗೆ ಒಂದು ಗುಟ್ಟಿನ ಲೆಕ್ಕದ ನಂಬರ್ ಕೊಡಿ, ಅದನ್ನು ಹಿಡಿದು ವಾಪಸ್ ಬಂದವರಿಗೆ ಮಾತ್ರ ರೂಮ್ ಬರೆಯಿರಿ. ನನಗೆ ತುಂಬ ಇಷ್ಟವಾದ ಉಪಾಯ ಇದು.

ಏಳನೇ ಪದರದ ಎಚ್‌ಟಿಟಿಪಿ (ವೆಬ್ ಪುಟ ಕೇಳುವ ಭಾಷೆ) ಫ್ಲಡ್‌ನಲ್ಲಿ ಬಂದವರು ನಿಜವಾಗಲೂ ಒಳಗೆ ಬಂದು ಕೂತು ಕಡುಬು ಹೇಳುತ್ತಾರೆ. ಸೋಲುವುದು ಅಡುಗೆಮನೆ. ಇದೇ ಬಗೆಯ 2023ರ ದಾಳಿ ರ‍್ಯಾಪಿಡ್ ರೀಸೆಟ್‌ನಲ್ಲಿ ಕಡುಬು ಹೇಳಿದ ಮರುಕ್ಷಣ ಬೇಡ ಅನ್ನುವುದು, ಮತ್ತೆ ಹೇಳುವುದು. ಗೂಗಲ್‌ಗೆ ಸೆಕೆಂಡಿಗೆ 39.8 ಕೋಟಿ ರಿಕ್ವೆಸ್ಟ್ ಬಂದಿದ್ದವು.

ಎರಡನೇ ಪದರವನ್ನು ಬಿಟ್ಟೆ ಅಲ್ವಾ? ಅಲ್ಲಿ ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ಚಿನ ಮ್ಯಾಕ್ ಪಟ್ಟಿಗೆ (ಯಾವ ಯಂತ್ರ ಯಾವ ಪೋರ್ಟಿನಲ್ಲಿ ಅನ್ನುವ ಪಟ್ಟಿ) ಸುಳ್ಳು ವಿಳಾಸ ತುಂಬುತ್ತಾರೆ. ಯಾವುದು ಯಾರಿಗೆ ಅಂತ ತಿಳಿಯದೆ ಅದು ಎಲ್ಲ ಪೋರ್ಟಿಗೂ ಹಂಚುತ್ತದೆ, ಪಕ್ಕದವರು ಕದ್ದು ಓದಬಹುದು. ಈ ಪದರದಲ್ಲಿ ಶತ್ರು ಇಲ್ಲದೆಯೂ ನೆರೆ ಬರುತ್ತದೆ. ನಾನು ಓದುವಾಗ ಒಂದು ದಿನ ಲ್ಯಾಬಿನ ಅಷ್ಟೂ ಕಂಪ್ಯೂಟರ್ ನಿಂತವು. ಸ್ವಿಚ್ಚಿನ ಹಸಿರು ದೀಪಗಳೆಲ್ಲ ಒಟ್ಟಿಗೆ ಪಟಪಟ ಮಿನುಗುತ್ತಿದ್ದವು. ಒಂದೇ ಕೇಬಲ್ಲಿನ ಎರಡೂ ತುದಿ ಅದೇ ಸ್ವಿಚ್ಚಿನಲ್ಲಿ! ಮೂರನೇ ಪದರದ ಐಪಿ ಪ್ಯಾಕೆಟ್ಟಿಗೆ ಇಷ್ಟು ರೂಟರ್ ದಾಟಿದ ಮೇಲೆ ಸಾಯಬೇಕು ಅನ್ನುವ ಎಣಿಕೆ ಇದೆ, ಎರಡನೇ ಪದರದ ಈಥರ್ನೆಟ್ ಫ್ರೇಮಿಗೆ ಇಲ್ಲ. ಸುತ್ತುತ್ತಲೇ ಇರುತ್ತದೆ. ಅಟೆಂಡರ್ ಒಂದು ತುದಿ ಕಿತ್ತರು, ದೀಪ ತಣ್ಣಗಾದವು. ಆ ತುದಿ ಚುಚ್ಚಿದ್ದು ನಾನೇ. ಸುಮ್ನೆ ನೇತಾಡ್ತಿದೆಯಲ್ಲ ಅಂತ.