ವಕೀಲಿ ಕಲಿಸೋದು ಯಾರು? ಬಳ್ಳಾರಿ–ರಾಯಚೂರು ಸೀಮೆಯ ಹಿನ್ನೆಲೆ

ಬಳ್ಳಾರಿಯ ರಾಘವ ಕಲಾಮಂದಿರಕ್ಕೆ ನಾಟಕ ನೋಡಲು ಹೋಗುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ, ರಂಗನಟ ಬಳ್ಳಾರಿ ರಾಘವ ಕಸುಬಿನಿಂದ ವಕೀಲರು. ಅವರಿಗಿಂತ ಮೊದಲು ಇದೇ ಊರಲ್ಲಿ ನಾಟಕ ಬರೆದು ಹೆಸರಾದ ಧರ್ಮವರಂ ಕೃಷ್ಣಮಾಚಾರ್ಯ, ಕೋಲಾಚಲಂ ಶ್ರೀನಿವಾಸರಾವ್ ಕೂಡ ವಕೀಲರೇ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಲಾ ಕಾಲೇಜು ಅಂದರೆ ಮದ್ರಾಸಿನದು, 1891ರಲ್ಲಿ ಶುರುವಾದದ್ದು. ಅಷ್ಟು ದೂರ ಹೋಗಿ ಓದಲು ಆಗದವರು ಲಾ ಪದವಿ ಇಲ್ಲದೆಯೂ ವಕೀಲಿ ಮಾಡಲು ಬಿಡುವ ಪ್ಲೀಡರ್ ಪರೀಕ್ಷೆಗೆ ಕೂರುತ್ತಿದ್ದರು. ಉಳಿದದ್ದನ್ನು ಕೋರ್ಟೇ ಕಲಿಸುತ್ತಿತ್ತು.

ತುಂಗಭದ್ರೆ ದಾಟಿದರೆ ಲೆಕ್ಕವೇ ಬೇರೆ. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಕೋರ್ಟು, ಕಚೇರಿ ಎಲ್ಲ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಕಾನೂನನ್ನೂ ಉರ್ದುವಿನಲ್ಲೇ ಕಲಿಸಿತು. ಹೊಳೆಯ ಈ ದಡದಲ್ಲಿ ಇಂಗ್ಲಿಷ್, ಆ ದಡದಲ್ಲಿ ಉರ್ದು. ಹೊಲದ ತಕರಾರಿಗೆ ಕೋರ್ಟ್ ಮೆಟ್ಟಿಲು ಹತ್ತಿದ ರೈತನಿಗೆ ಮಾತ್ರ ಎರಡೂ ಒಂದೇ. ತನ್ನ ಕೇಸಿನಲ್ಲಿ ಏನು ನಡೀತಿದೆ ಅನ್ನೋದು ವಕೀಲರು ಬಿಡಿಸಿ ಹೇಳಿದರೇನೇ ಗೊತ್ತಾಗೋದು.

ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ರಾಯಚೂರು, ಅದರೊಳಗೇ ಇದ್ದ ಕೊಪ್ಪಳ ಬಂದದ್ದು 1956ರ ನವೆಂಬರ್ 1ಕ್ಕೆ. ರಾಜ್ಯ ಒಂದಾಯಿತು, ಕಾಗದಪತ್ರ ಒಂದಾಗಲಿಲ್ಲ. ರಾಯಚೂರು ಕಡೆ ಹಳೆಯ ಜಮೀನಿನ ಕೇಸು ಬಂದರೆ ಉರ್ದುವಿನಲ್ಲಿರುವ ಸೇತ್ವಾರ್ ಎಂಬ ಹಳೆಯ ಜಮೀನು ದಾಖಲೆ ಓದಬೇಕು, ಕಂದಾಯ ಲೆಕ್ಕದ ಫಸಲಿ ವರ್ಷವನ್ನು ಇಸವಿಗೆ ತಿರುಗಿಸಬೇಕು. ಇದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡೋದಿಲ್ಲ. ಹೇಳಿಕೊಟ್ಟದ್ದು ಸೀನಿಯರ್ ವಕೀಲರ ಆಫೀಸು. ಈ ಸೀಮೆಯ ಕಾನೂನು ಶಿಕ್ಷಣದಲ್ಲಿ ಬಹುಪಾಲು ನಡೆದದ್ದೇ ಆ ಆಫೀಸುಗಳಲ್ಲಿ ಅನ್ನೋದು ನನ್ನ ನಂಬಿಕೆ.

1961ರ ವಕೀಲರ ಕಾಯ್ದೆ ಬಂದ ಮೇಲೆ ದಾರಿ ಒಂದೇ ಆಯಿತು. ಲಾ ಪದವಿ ಇಲ್ಲದೆ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಇಲ್ಲ. ಬಳ್ಳಾರಿಯಲ್ಲಿ ವುಂಕಿ ಸಣ್ಣರುದ್ರಪ್ಪ ಕಾನೂನು ಕಾಲೇಜು, ರಾಯಚೂರಿನಲ್ಲಿ ಎಸ್‌ಸಿಎಬಿ ಕಾನೂನು ಕಾಲೇಜು ಬಂದವು. ಮದ್ರಾಸು, ಹೈದರಾಬಾದಿಗೆ ಮಕ್ಕಳನ್ನು ಕಳಿಸಲಾಗದ ಮನೆಗಳಿಂದಲೂ ವಕೀಲರು ಬಂದರು. ಇದು ಸಣ್ಣ ಮಾತಲ್ಲ. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಐದು ವರ್ಷದ ಕೋರ್ಸಿಗೆ ಮೊದಲ ತಂಡವನ್ನು ಸೇರಿಸಿಕೊಂಡಿತು. ಎನ್.ಆರ್. ಮಾಧವ ಮೆನನ್ ಕಟ್ಟಿದ ಆ ಮಾದರಿ ದೇಶದ ತುಂಬ ಹರಡಿತು. ಆದರೆ ಅಂಥ ಶಾಲೆಗಳಿಗೆ ದೇಶಮಟ್ಟದ ಪ್ರವೇಶ ಪರೀಕ್ಷೆ, ಅದೂ ಇಂಗ್ಲಿಷಿನಲ್ಲಿ. ಸಿಂಧನೂರು, ಕುಷ್ಟಗಿ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಆ ಬಾಗಿಲು ಸುಲಭಕ್ಕೆ ತೆರೆಯುವಂಥದ್ದಲ್ಲ. ಅವಳಿಗೆ ನೆರವಾದದ್ದು ಬೇರೆ. ಒಂದು, 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಅಲ್ಲಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇನ್ನೊಂದು ಸಂವಿಧಾನದ 371ಜೆ ವಿಧಿ. ಅದರಡಿ ಈ ಭಾಗದ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿನವರಿಗೇ.

ಪದವಿ ಮುಗಿದ ಮೇಲೂ ಪರೀಕ್ಷೆ ತಪ್ಪಲಿಲ್ಲ. 2010ರಲ್ಲಿ ವಕೀಲರ ಪರಿಷತ್ತು ಅಖಿಲ ಭಾರತ ಪರೀಕ್ಷೆ ತಂದಿತು, 2023ರಲ್ಲಿ ಸುಪ್ರೀಂ ಕೋರ್ಟ್ ಅದು ಸರಿ ಎಂದಿತು. ಸನ್ನದಿನ ಶುಲ್ಕ 750 ರೂಪಾಯಿ ಮೀರಬಾರದು, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಅಂತ 2024ರ ಜುಲೈನಲ್ಲಿ ಅದೇ ಕೋರ್ಟ್ ಹೇಳಿದ್ದು ಬಡ ಮಕ್ಕಳಿಗೆ ನಿಜವಾದ ಉಪಕಾರ. ಅದೇ ತಿಂಗಳ 1ರಿಂದ ಹಳೆಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆಯೂ ಜಾರಿಗೆ ಬಂತು. ಕೊಲೆಗೆ 302, ಮೋಸಕ್ಕೆ 420 ಅಂತ ಬಾಯಿಪಾಠ ಮಾಡಿಕೊಂಡವರು 103, 318 ಅಂತ ಮತ್ತೆ ಕಲಿಯಬೇಕಾಯಿತು. ಬರೀ ಕಂಠಪಾಠದ ಓದು ಎಷ್ಟು ದಿನ ಬಾಳುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ, ಅಲ್ವಾ?

ಈಗಿನ ಬದಲಾವಣೆ ನೇರವಾಗಿ ಸೀನಿಯರ್ ಆಫೀಸಿಗೇ ಕೈ ಹಾಕಿದೆ. ಪಾಲಿನ ದಾವೆಯನ್ನೇ ತಗೊಳ್ಳಿ. ಗಂಗಾವತಿ ಕಡೆಯ ಕಾಲುವೆ ಕೆಳಗಿನ ನಾಲ್ಕು ಎಕರೆ ಗದ್ದೆ ಅಂದುಕೊಳ್ಳೋಣ. ಜೂನಿಯರ್ ಮೊದಲು ವಂಶವೃಕ್ಷ ಬರೀತಾನೆ. ಆಮೇಲೆ ಪಹಣಿ ನೋಡಿ ಸರ್ವೆ ನಂಬರು, ಹಿಸ್ಸಾ, ಚಕ್ಕುಬಂದಿ ಹಾಕ್ತಾನೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಉಪಕಾಲುವೆ. ಸೀನಿಯರ್ ಓದಿ, ಪೂರ್ವದ ಹೊಲ ಮಾರಿ ಎಷ್ಟೋ ವರ್ಷ ಆಯಿತಲ್ಲ, ಈಗ ಯಾರ ಕೈಲಿದೆ ಕೇಳಿದೆಯಾ ಅಂತ ವಾಪಸ್ ಕೊಡ್ತಾರೆ. ಚಕ್ಕುಬಂದಿ ತಪ್ಪಿದರೆ ಡಿಕ್ರಿ ಆದಮೇಲೂ ಜಮೀನು ಕೈಗೆ ಬರೋದು ಕಷ್ಟ. ಹೀಗೆ ಬರೆದು, ಬೈಸಿಕೊಂಡು, ಮತ್ತೆ ಬರೆದೇ ವಕೀಲರಾಗೋದು.

ಈಗ ಅದೇ ದಾವೆಯ ಕರಡನ್ನು ಕೃತಕ ಬುದ್ಧಿಮತ್ತೆಯ ಸಾಧನ ನಿಮಿಷದಲ್ಲಿ ಬರೆದುಕೊಡುತ್ತೆ. ಭಾಷೆ ಚೆನ್ನಾಗಿರುತ್ತೆ, ಕಲಂ ಕೂಡ ಹಾಕಿರುತ್ತೆ. ಪಕ್ಕದ ಹೊಲ ಈಗ ಯಾರದ್ದು ಅಂತ ಊರಲ್ಲಿ ಕೇಳಿಕೊಂಡು ಬರೋಕೆ ಅದಕ್ಕೆ ಆಗೋದಿಲ್ಲ. ಇಲ್ಲದ ತೀರ್ಪನ್ನೂ ಅದು ಇದೆ ಅಂತ ಹೇಳಿಬಿಡಬಹುದು. 2025ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟಿನ ಒಂದು ಆದೇಶದಲ್ಲೇ ಅಸ್ತಿತ್ವದಲ್ಲಿಲ್ಲದ ತೀರ್ಪುಗಳ ಉಲ್ಲೇಖ ಕಂಡು ಕರ್ನಾಟಕ ಹೈಕೋರ್ಟ್ ಗರಂ ಆಗಿತ್ತು. ಕರಡು ಬರೆಯೋ ಕೆಲಸ ಯಂತ್ರಕ್ಕೆ ಹೋದರೆ, ಜೂನಿಯರ್ ಕಲಿಯುತ್ತಿದ್ದ ಜಾಗವೂ ಅದರ ಜೊತೆಗೇ ಹೋಗುತ್ತೆ. ನನಗೆ ಭಯ ಇರೋದು ಅದಕ್ಕೇ.

ಹಾಗಾಗಿ ಆ ಪಾಠವನ್ನು ಈಗ ಕಾಲೇಜೇ ಕೈಗೆತ್ತಿಕೊಳ್ಳಬೇಕು. ನಿಯಮ ಇಲ್ಲ ಅಂತಲ್ಲ. 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಕರಡು ಬರಹ, ಅಣಕು ನ್ಯಾಯಾಲಯ ಕಡ್ಡಾಯ. ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಇದೆ. ಸುಮ್ನೆ ಡೈರಿ ಬರೆದು ಸಹಿ ಹಾಕಿಸಿಕೊಂಡರೆ ಈ ವಾರಗಳು ದಂಡ. ಮುಗಿದುಹೋದ ಕೇಸಿನ ಫೈಲು ಹೆಸರು ಅಳಿಸಿ ಮಕ್ಕಳ ಕೈಗೆ ಕೊಡಿ. ಯಂತ್ರ ಬರೆದ ಕರಡನ್ನೂ ಕೊಡಿ. ಪಹಣಿ ಪಕ್ಕಕ್ಕಿಟ್ಟು ತಪ್ಪು ಹುಡುಕಲಿ, ಉಲ್ಲೇಖಿಸಿದ ಪ್ರತಿ ತೀರ್ಪನ್ನೂ ತೆಗೆದು ಓದಲಿ. ಕೊನೆಗೆ ಎದುರು ಕೂತ ಕಕ್ಷಿದಾರನಿಗೆ ಅವನ ಕೇಸು ಏನು ಅಂತ ಕನ್ನಡದಲ್ಲಿ ಬಿಡಿಸಿ ಹೇಳಲಿ. ಅಂಕ ಕೊಡಬೇಕಾದ್ದು ಇದಕ್ಕೆ.